ಚಾರ್ಜರ್ ಹಾಕಿದ್ರೂ ಲ್ಯಾಪ್‌ಟಾಪ್ ಟಪ್ ಅಂತ ಆಫ್ ಆಗುತ್ತೆ, ಯಾರಾದ್ರೂ ದಾರಿ ತೋರ್ಸಿ

ನಿದ್ದೆಗೇಡಿ:
ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಗೋಳು, ಅದಕ್ಕೆ ಸ್ವಲ್ಪ ಉದ್ದ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ. ಐದು ವರ್ಷದ ಹಳೇ ಲ್ಯಾಪ್‌ಟಾಪ್, ಇಲ್ಲಿವರೆಗೂ ಒಂದು ದಿನ ತಕರಾರು ಮಾಡಿದ್ದಿಲ್ಲ. ಈಗ ಕೆಲ್ಸ ಮಾಡ್ತಾ ಕೂತಿರ್ತೀನಿ, ಟಪ್ ಅಂತ ಸ್ಕ್ರೀನ್ ಕಪ್ಪು, ಫ್ಯಾನ್ ನಿಲ್ಲುತ್ತೆ, ಪವರ್ ಬಟನ್ ಲೈಟೂ ಹೋಗುತ್ತೆ, ಯಾರೋ ವೈರ್ ಕಿತ್ತ ಹಾಗೆ. ನೀಲಿ ಸ್ಕ್ರೀನ್ ಇಲ್ಲ, ಎರರ್ ಮೆಸೇಜ್ ಇಲ್ಲ, ಏನೂ ಇಲ್ಲ. ಮತ್ತೆ ಬಟನ್ ಒತ್ತಿದ್ರೆ ಏನೂ ಆಗೇ ಇಲ್ವೇನೋ ಅನ್ನೋ ಥರ ಆನ್ ಆಗುತ್ತೆ. ಒಂದೊಂದ್ಸಲ ಹತ್ತು ನಿಮಿಷಕ್ಕೆ, ಒಂದೊಂದ್ಸಲ ಮೂರು ಗಂಟೆ ಆದ್ರೂ ಏನೂ ಇಲ್ಲ. ವಿಡಿಯೋ ಕಾಲ್ ಶುರು ಮಾಡೋ ಹೊತ್ತಿಗೆ ಜಾಸ್ತಿ ಅನ್ನಿಸ್ತಿದೆ, ಗ್ಯಾರಂಟಿ ಇಲ್ಲ. ಚಾರ್ಜರ್ ಹಾಕಿದ್ರೂ ಆಗುತ್ತೆ, ಹಾಕ್ದೇ ಇದ್ರೂ ಆಗುತ್ತೆ, ಹಾಗಾಗಿ ಬ್ಯಾಟರಿ ತಪ್ಪಲ್ಲ ಅಂತ ನಾನು ಅವತ್ತೇ ತೀರ್ಮಾನ ಮಾಡ್ಬಿಟ್ಟೆ. ವಿಂಡೋಸ್ ತನ್ನ ಆಗುಹೋಗು ಬರ್ದಿಡೋ ಇವೆಂಟ್ ವ್ಯೂವರ್‌ನಲ್ಲಿ ಪ್ರತೀ ಸಲ ಕರ್ನಲ್ ಪವರ್ 41 ಅಂತ ಕೆಂಪಗೆ ತೋರ್ಸುತ್ತೆ. ಕರ್ನಲ್ ಅಂದ್ರೆ ವಿಂಡೋಸ್‌ನ ತಿರುಳಲ್ವಾ, ವಿಂಡೋಸ್ ಕೆಟ್ಟಿರ್ಬೇಕು ಅಂತ ಎರಡು ಸಲ ಫ್ರೆಶ್ಶಾಗಿ ಇನ್‌ಸ್ಟಾಲ್ ಮಾಡ್ದೆ. ಎರಡನೇ ಸಲ ಇನ್‌ಸ್ಟಾಲ್ ಆಗ್ತಿರೋವಾಗ್ಲೇ ಆಫ್ ಆಯ್ತು. ನಗಬೇಡಿ.

ಒಂದೇಮಾತು:
ಫಾರ್ಮ್ಯಾಟ್ ಹೊಡೀರಿ. ವೈರಸ್ ಇರುತ್ತೆ.

ನಿದ್ದೆಗೇಡಿ:
ಎರಡು ಸಲ ಆಯ್ತು ಅಂತ ಮೇಲೇ ಬರ್ದಿದೀನಲ್ಲ ಮಾರಾಯ್ರೆ.

ಒಂದೇಮಾತು:
ಹಾಗಾದ್ರೆ ಬಯಾಸ್ ಅಪ್‌ಡೇಟ್ ಮಾಡಿ.

ತಿರುಪುಮೊಳೆ:
ದಯವಿಟ್ಟು ಅದನ್ನ ಮಾತ್ರ ಮಾಡ್ಬೇಡಿ!! ಬಯಾಸ್ ಅಂದ್ರೆ ಬಟನ್ ಒತ್ತಿದಾಗ ವಿಂಡೋಸ್‌ಗಿಂತ ಮೊದ್ಲು ಏಳೋ ಮೂಲ ಪ್ರೋಗ್ರಾಂ. ಹೇಳ್ದೆ ಕೇಳ್ದೆ ಆಫ್ ಆಗೋ ಮಷಿನ್‌ನಲ್ಲಿ ಬಯಾಸ್ ಅಪ್‌ಡೇಟ್ ಮಾಡೋಕೆ ಹೋಗಿ ಅರ್ಧದಲ್ಲಿ ಪವರ್ ಹೋದ್ರೆ ಆಮೇಲೆ ಬಟನ್ ಒತ್ತಿದ್ರೂ ಏಳಲ್ಲ, ಈಗಿರೋ ಭಾಗ್ಯಾನೂ ಹೋಗುತ್ತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಥರ ಸಲಹೆ ಕೊಡ್ಬೇಡಿ ಸ್ವಾಮಿ.

ನಿದ್ದೆಗೇಡಿ ಅವರೇ, ನಾನು ಹನ್ನೆರಡು ವರ್ಷದಿಂದ ಇದೇ ರಿಪೇರಿ ಕೆಲ್ಸದಲ್ಲಿದೀನಿ. ಮೊದ್ಲು 41 ಅನ್ನೋದನ್ನ ತಲೆಯಿಂದ ತೆಗೀರಿ. ಅದು ರೋಗದ ಹೆಸರಲ್ಲ. ವಿಂಡೋಸ್ ಮತ್ತೆ ಎದ್ದಾಗ 'ಹಿಂದಿನ ಸಲ ನನ್ನನ್ನ ಸರಿಯಾಗಿ ಮಲಗಿಸದೇ ಆಫ್ ಮಾಡಿದ್ರಿ' ಅಂತ ಬರ್ಕೊಳ್ಳೋ ಸಾಲು ಅಷ್ಟೇ. ನೀವು ವೈರ್ ಕಿತ್ರೂ 41 ಬರುತ್ತೆ, ಬಟನ್ ಒತ್ತಿ ಹಿಡಿದ್ರೂ 41, ಒಳಗೆ ಏನೋ ಸುಟ್ರೂ 41. ಅದರ ಜೊತೇಲಿ 6008 ಅಂತ ಇನ್ನೊಂದು ಬರುತ್ತೆ, ಅದೂ ಇದನ್ನೇ ಬೇರೆ ಮಾತಲ್ಲಿ ಹೇಳುತ್ತೆ. ಆದ್ರೆ 41ರ ಮೇಲೆ ಕ್ಲಿಕ್ ಮಾಡಿ ಡೀಟೇಲ್ಸ್ ಟ್ಯಾಬ್‌ಗೆ ಹೋದ್ರೆ ಅಲ್ಲಿ ಎರಡು ಕೆಲಸಕ್ಕೆ ಬರೋ ಮಾಹಿತಿ ಇದೆ, ಬಗ್‌ಚೆಕ್ ಕೋಡ್ ಅಂತ ಒಂದು, ಪವರ್ ಬಟನ್ ಟೈಮ್‌ಸ್ಟ್ಯಾಂಪ್ ಅಂತ ಒಂದು. ಬಗ್‌ಚೆಕ್ 0 ಅಲ್ಲದೇ ಬೇರೆ ನಂಬರ್ ಇದ್ರೆ ನೀಲಿ ಸ್ಕ್ರೀನ್ ಬಂದು ನಿಮ್ಮ ಕಣ್ಣಿಗೆ ಬೀಳೋಕೆ ಮುಂಚೆ ಹೋಗಿದೆ ಅಂತ ಅರ್ಥ, ಆವಾಗ ಡ್ರೈವರು ರ‍್ಯಾಮು ಅಂತ ಹುಡುಕಬೇಕು. ಬಟನ್ ಟೈಮ್‌ಸ್ಟ್ಯಾಂಪ್‌ನಲ್ಲಿ ಏನಾದ್ರೂ ನಂಬರ್ ಇದ್ರೆ ಬಟನ್ ಒತ್ತಿ ಹಿಡಿದ ಹಾಗೆ ಆಗಿದೆ, ಕೆಲವು ಸಲ ಬಟನ್ ಒಳಗಡೆ ಸಿಕ್ಕಾಕೊಂಡು ತಾನೇ ಒತ್ಕೊಂಡಿರುತ್ತೆ. ಎರಡೂ 0 ಇದ್ರೆ ವಿಂಡೋಸ್‌ಗೆ ಒಂದಕ್ಷರ ಬರ್ಯೋಕೂ ಟೈಮ್ ಸಿಕ್ಕಿಲ್ಲ, ಕಾಲಡಿ ನೆಲಾನೇ ಹೋಯ್ತು ಅಂತ. ನೋಡಿ ಹೇಳಿ.

ಅರ್ಧರಾತ್ರಿ:
ನಂದೂ ಇದೇ ಸಮಸ್ಯೆ!! ಆದ್ರೆ ನಂದು ಹೊಸಾ ಲ್ಯಾಪ್‌ಟಾಪ್, ಎರಡೇ ತಿಂಗಳು. ಟೈಪ್ ಮಾಡ್ತಾ ಮಾಡ್ತಾ ಸ್ಕ್ರೀನ್ ಆಫ್. ಬಟನ್ ಒತ್ತಿದ್ರೆ ತಕ್ಷಣ ಬರುತ್ತೆ, ತೆರೆದಿದ್ದ ಫೈಲೆಲ್ಲ ಹಾಗೇ ಇರುತ್ತೆ. ಏನ್ ಮಾಡ್ಲಿ?

ಪೆಂಗ್ವಿನ್‌ಪ್ರಿಯ:
ಅರ್ಧರಾತ್ರಿ, ಫೈಲ್ ಹಾಗೇ ಇರುತ್ತೆ ಅಂದ್ರೆ ಅದು ಆಫ್ ಆಗ್ತಿಲ್ಲ, ನಿದ್ದೆ ಹೋಗ್ತಿದೆ. ಎರಡಕ್ಕೂ ಅಜಗಜಾಂತರ. ಎಡಗೈಗೆ ಏನ್ ಕಟ್ಕೊಂಡಿದೀರಾ?

ಅರ್ಧರಾತ್ರಿ:
ವಾಚು. ಯಾಕೆ??

ಪೆಂಗ್ವಿನ್‌ಪ್ರಿಯ:
ಬೆಲ್ಟ್ ಅಯಸ್ಕಾಂತದಿಂದ ಅಂಟ್ಕೊಳ್ಳೋ ಥರದ್ದಾ? ಮುಚ್ಚಳ ಮುಚ್ಚಿದ್ಯಾ ತೆರೆದಿದ್ಯಾ ಅಂತ ಗೊತ್ತಾಗೋಕೆ ಲ್ಯಾಪ್‌ಟಾಪ್‌ನಲ್ಲಿ ಹಾಲ್ ಸೆನ್ಸರ್ ಅಂತ ಒಂದು ಇರುತ್ತೆ, ಮುಚ್ಚಳದ ಅಂಚಲ್ಲಿರೋ ಸಣ್ಣ ಅಯಸ್ಕಾಂತ ಹತ್ರ ಬಂದ್ರೆ 'ಓ ಮುಚ್ಚಿದ್ರು' ಅಂದ್ಕೊಂಡು ಮಲಗುತ್ತೆ. ನಿಮ್ಮ ಬೆಲ್ಟ್ ಅಂಗೈ ಇಡೋ ಜಾಗದಲ್ಲಿ ಸರಿಯಾಗಿ ಅದರ ಮೇಲೆ ಬರ್ತಿರ್ಬೇಕು. ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದು ಲ್ಯಾಪ್‌ಟಾಪ್ ಇಟ್ಕೊಂಡು ಕೆಲಸ ಮಾಡಿದ್ರೂ ಹೀಗೇ ಆಗ್ಬಹುದು. ವಾಚ್ ಬಿಚ್ಚಿ ನೋಡಿ. ಇವೆಂಟ್ ವ್ಯೂವರ್‌ನಲ್ಲೂ 41 ಇರಲ್ಲ ನಿಮಗೆ, 42 ಇಲ್ಲಾ 506 ಇರುತ್ತೆ, 506 ಆದ್ರೆ ಕಾರಣದ ಜಾಗದಲ್ಲಿ ಲಿಡ್ ಅಂತಾನೇ ಬರ್ದಿರುತ್ತೆ.

ಅರ್ಧರಾತ್ರಿ:
ಅಯ್ಯೋ ದೇವ್ರೇ. ಬಿಚ್ಚಿಟ್ಟು ಟೈಪ್ ಮಾಡ್ದೆ, ಏನೂ ಆಗ್ಲಿಲ್ಲ. ಬೇಕಂತ ಎಡಗಡೆ ಮೂಲೆಗೆ ವಾಚ್ ಹಿಡಿದೆ, ಸ್ಕ್ರೀನ್ ಹೋಯ್ತು. ಎರಡು ತಿಂಗಳು ಇದನ್ನ ಬಯ್ಕೊಂಡು ಓಡಾಡಿದೀನಿ ನಾನು.

ನಿದ್ದೆಗೇಡಿ:
ನಿಮ್ಮಷ್ಟು ಅದೃಷ್ಟ ನಂಗಿಲ್ಲ ಬಿಡಿ. ತಿರುಪುಮೊಳೆ ಸರ್, ನೋಡ್ದೆ, ಬಗ್‌ಚೆಕ್ 0, ಬಟನ್ 0, ಆರು ಸಲದ್ದು ತೆಗೆದು ನೋಡ್ದೆ ಆರರಲ್ಲೂ 0. ಇನ್ನೊಂದು ವಿಷ್ಯ, ಎಲ್ಲೋ ಓದಿದ್ದೆ, ಬಯಾಸ್ ಸ್ಕ್ರೀನ್‌ನಲ್ಲಿ ಸುಮ್ನೆ ಬಿಟ್ಟು ನೋಡಿ ಅಂತ, ಒಂದೂವರೆ ಗಂಟೆ ಬಿಟ್ಟೆ, ಆಫ್ ಆಗ್ಲೇ ಇಲ್ಲ. ಅಂದ್ರೆ ಹಾರ್ಡ್‌ವೇರ್ ಸರಿ ಇದೆ, ವಿಂಡೋಸೇ ತಪ್ಪು ಅಂತಾಯ್ತಲ್ವಾ?

ತಿರುಪುಮೊಳೆ:
ಅಲ್ಲ. ಬಯಾಸ್ ಪರೀಕ್ಷೆ ಒಂದು ಕಡೆಗೆ ಮಾತ್ರ ಸಾಕ್ಷಿ ಹೇಳುತ್ತೆ. ಅಲ್ಲೂ ಆಫ್ ಆದ್ರೆ ವಿಂಡೋಸ್ ನಿರಪರಾಧಿ ಅಂತ ಖಚಿತ. ಆಫ್ ಆಗ್ಲಿಲ್ಲ ಅಂದ್ರೆ ಏನೂ ಸಾಬೀತಾಗಲ್ಲ, ಯಾಕಂದ್ರೆ ಅಲ್ಲಿ ಪ್ರಾಸೆಸರ್‌ಗೆ ಹೇಳ್ಕೊಳ್ಳೋವಂಥ ಕೆಲಸಾನೇ ಇಲ್ಲ. ಖಾಲಿ ಗಾಡಿ ಏರಿ ಹತ್ತಿತು ಅಂತ ಎತ್ತು ಗಟ್ಟಿ ಅನ್ನೋಕಾಗಲ್ಲ.

ಪೆಂಗ್ವಿನ್‌ಪ್ರಿಯ:
ಒಂದು ಪೆನ್‌ಡ್ರೈವ್‌ಗೆ ವಿಂಡೋಸ್ ಬದಲಿಗೆ ಓಡೋ ಲಿನಕ್ಸ್ ಹಾಕಿ ಅದ್ರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡೋದು ಬೇಡ, ಸುಮ್ನೆ ಲೈವ್ ಮೋಡ್. ಟರ್ಮಿನಲ್‌ನಲ್ಲಿ ಸ್ಟ್ರೆಸ್ ಎನ್‌ಜಿ ಅನ್ನೋ ಪ್ರೋಗ್ರಾಂ ಹಾಕ್ಕೊಂಡು ಎಲ್ಲಾ ಕೋರ್‌ಗೂ ಕೆಲಸ ಕೊಡಿ. ಅಲ್ಲೂ ಬಿದ್ರೆ ವಿಂಡೋಸ್ ಮಾತೇ ಬೇಡ, ಮೂರನೇ ಸಲ ಇನ್‌ಸ್ಟಾಲ್ ಮಾಡೋ ಆಸೆ ಇದ್ರೆ ಅದನ್ನೂ ಬಿಟ್ಬಿಡಬಹುದು.

ನಿದ್ದೆಗೇಡಿ:
ಮಾಡ್ದೆ. ಮೊದಲ್ನೇ ಸಲ 40 ಸೆಕೆಂಡು, ಎರಡನೇ ಸಲ ಕಮ್ಯಾಂಡ್ ಕೊಟ್ಟು ಎಂಟರ್ ಒತ್ತಿದ ತಕ್ಷಣಾನೇ. ಟಪ್. ಎರಡು ಸಲ ಇನ್‌ಸ್ಟಾಲ್ ಮಾಡಿ ಎಲ್ಲಾ ಸೆಟ್ಟಿಂಗ್ ಕಳ್ಕೊಂಡಿದ್ದು ದಂಡ.

ಬಿಸಿಬಿಸಿ:
ಹೀಟ್ ಕಣ್ರೀ ಇದು, ನೂರಕ್ಕೆ ನೂರು. ಐದು ವರ್ಷದಲ್ಲಿ ಒಂದ್ಸಲಾನಾದ್ರೂ ಫ್ಯಾನ್ ಕ್ಲೀನ್ ಮಾಡಿದೀರಾ? ಎಚ್‌ಡಬ್ಲ್ಯುಇನ್ಫೋ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಸೆನ್ಸರ್ಸ್ ಓನ್ಲಿ ಅಂತ ಟಿಕ್ ಮಾಡಿ ಓಪನ್ ಮಾಡಿ, ಟೆಂಪರೇಚರ್ ಎಷ್ಟಕ್ಕೆ ಹೋಗುತ್ತೆ ನೋಡಿ.

ನಿದ್ದೆಗೇಡಿ:
ವಿಡಿಯೋ ಕಾಲ್‌ನಲ್ಲಿ ಮ್ಯಾಕ್ಸಿಮಮ್ 97 ಡಿಗ್ರಿ ತೋರಿಸ್ತು! ಸುಮ್ನೆ ಇದ್ದಾಗಲೇ 62.

ಬಿಸಿಬಿಸಿ:
ಸಿಕ್ಕಾಕೊಂಡ ಕಳ್ಳ. ಕ್ಲೀನ್ ಮಾಡಿ, ಪ್ರಾಸೆಸರ್ ಮೇಲಿನ ಬಿಸಿ ಸಾಗಿಸೋ ಪೇಸ್ಟ್ ಬದ್ಲಾಯ್ಸಿ, ಕತೆ ಮುಗೀತು.

ತಿರುಪುಮೊಳೆ:
97 ಚೆನ್ನಾಗಿಲ್ಲ ನಿಜ, ಕ್ಲೀನ್ ಮಾಡ್ಲೇಬೇಕು. ಆದ್ರೆ ಅದೇ ಕಳ್ಳ ಅಂತ ಈಗ್ಲೇ ಸಹಿ ಹಾಕ್ಬೇಡಿ. ಲ್ಯಾಪ್‌ಟಾಪ್ ಪ್ರಾಸೆಸರ್‌ಗಳು ಸಾಮಾನ್ಯವಾಗಿ 95ರಿಂದ 105 ಡಿಗ್ರಿ ಒಳಗೆ ಒಂದು ಮಿತಿ ಇಟ್ಕೊಂಡಿರ್ತವೆ, ಅಲ್ಲಿಗೆ ಬಂದ್ರೆ ಮೊದ್ಲು ತಮ್ಮ ವೇಗ ಇಳಿಸ್ಕೊಳ್ತವೆ, ಮಷಿನ್ ನಿಧಾನ ಆಗುತ್ತೆ, ಫ್ಯಾನ್ ಕಿರುಚುತ್ತೆ. ಅದನ್ನೂ ಮೀರಿ ಏರಿದ್ರೆ ಮಾತ್ರ ಹಾರ್ಡ್‌ವೇರೇ ಪವರ್ ಕಟ್ ಮಾಡುತ್ತೆ. ಅಂದ್ರೆ ಬಿಸಿಯಿಂದ ಸಾಯೋ ಮಷಿನ್ ಸಾಮಾನ್ಯವಾಗಿ ಮುಂಚೆ ಗೋಳಾಡುತ್ತೆ, ತಡವರಿಸುತ್ತೆ. ನಿಮ್ದು ಎಂಟರ್ ಒತ್ತಿದ ಕ್ಷಣಕ್ಕೇ ಹೋಯ್ತು ಅಂತೀರಾ, ಅಷ್ಟು ಬೇಗ ಬಿಸಿ ಏರಿ ಸಾಯ್ಬೇಕು ಅಂದ್ರೆ ಪ್ರಾಸೆಸರ್ ಬಿಸಿ ಹೀರೋ ಲೋಹದ ಹೀಟ್‌ಸಿಂಕೇ ಕಳಚಿರ್ಬೇಕು. ಆ ಮಾತು ನಂಗೆ ಚುಚ್ತಾ ಇದೆ. ಇರ್ಲಿ, ಮೊದ್ಲು ಕ್ಲೀನ್ ಮಾಡಿ.

ಮಾಡೋವಾಗ ಹುಷಾರು. ತಳದ ಮುಚ್ಚಳ ತೆಗೆದ ತಕ್ಷಣ ಮಾಡ್ಬೇಕಾದ ಮೊದಲ್ನೇ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸೋದು, ವೈರ್ ಹಿಡಿದು ಎಳೀಬೇಡಿ, ಪ್ಲಾಸ್ಟಿಕ್ ತುದಿಯಿಂದ ಕನೆಕ್ಟರನ್ನೇ ಮೆಲ್ಲಗೆ ಹಿಂದಕ್ಕೆ ತಳ್ಳಿ. ಸ್ಕ್ರೂಗಳು ಎಲ್ಲಾ ಒಂದೇ ಉದ್ದ ಇರಲ್ಲ, ಕಾಗದದ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರ್ಕೊಂಡು ಅಲ್ಲಲ್ಲೇ ಚುಚ್ಚಿಡಿ, ಉದ್ದದ್ದನ್ನ ಗಿಡ್ಡದ್ದರ ಜಾಗಕ್ಕೆ ಹಾಕಿ ಕೀಬೋರ್ಡ್‌ವರೆಗೂ ತೂತು ಹೊಡೆದವರನ್ನ ನಾನು ನೋಡಿದೀನಿ. ಫ್ಯಾನ್‌ಗೆ ಗಾಳಿ ಹೊಡೆಯೋವಾಗ ರೆಕ್ಕೆ ತಿರುಗದ ಹಾಗೆ ಬೆರಳಿಟ್ಟು ಹಿಡ್ಕೊಳ್ಳಿ, ಇಲ್ಲಾಂದ್ರೆ ಲೆಕ್ಕಕ್ಕಿಂತ ಜೋರಾಗಿ ತಿರುಗಿ ಬೇರಿಂಗ್ ಹಾಳಾಗುತ್ತೆ. ಮನೆ ಗುಡಿಸೋ ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ಕರೆಂಟ್ ಭಯ. ಎಲ್ಲಕ್ಕಿಂತ ಮುಖ್ಯ, ಹೊರಗಿಂದ ಉಫ್ ಅಂತ ಊದಿದ್ರೆ ಏನೂ ಪ್ರಯೋಜನ ಇಲ್ಲ, ಕಸ ಕೂತಿರೋದು ಫ್ಯಾನ್ ಮೇಲಲ್ಲ, ಫ್ಯಾನ್‌ಗೂ ಆ ತಾಮ್ರದ ತೆಳು ಪಟ್ಟಿಗಳಿಗೂ ಮಧ್ಯೆ. ಹೀಟ್‌ಸಿಂಕ್ ಬಿಚ್ಚಿದ್ರೆ ಪೇಸ್ಟ್ ಹೊಸದಾಗಿ ಹಾಕ್ಲೇಬೇಕು, ಹಳೇದರ ಮೇಲೇ ವಾಪಸ್ ಕೂರಿಸಬೇಡಿ. ರಬ್ಬರ್ ಥರ ಇರೋ ಪ್ಯಾಡ್‌ಗಳು ಹರೀದೇ ಇದ್ರೆ ಮುಟ್ಟಬೇಡಿ, ಅದರ ದಪ್ಪ ಹೆಚ್ಚುಕಮ್ಮಿ ಆದ್ರೆ ಹೀಟ್‌ಸಿಂಕ್ ಪ್ರಾಸೆಸರ್ ಮೇಲೆ ಸರಿಯಾಗಿ ಕೂರಲ್ಲ. ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3 ಅಂತ ನಂಬರ್ ಇರುತ್ತೆ, ಅದೇ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ.

ನಿದ್ದೆಗೇಡಿ:
ನೀವು ಹೇಳಿದ ಜಾಗದಲ್ಲೇ ಇತ್ತು ಸರ್, ಕಂಬಳಿ ತುಂಡಿನ ಥರ ಒಂದು ಪದರ, ಹಾಗೇ ಎತ್ತಿ ತೆಗೆದೆ. ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಹೊಸದು ಹಾಕ್ದೆ. ಈಗ ಸುಮ್ನೆ ಇದ್ದಾಗ 44, ವಿಡಿಯೋ ಕಾಲ್‌ನಲ್ಲಿ 78 ದಾಟಿಲ್ಲ. ಫ್ಯಾನ್ ಸದ್ದೇ ಇಲ್ಲ. ಎಲ್ರಿಗೂ ಕೈ ಮುಗಿದೆ, ಸಮಸ್ಯೆ ಬಗೆಹರೀತು!!

ಬಿಸಿಬಿಸಿ:
ಹೇಳಿರ್ಲಿಲ್ವಾ.

ನಿದ್ದೆಗೇಡಿ:
ಎರಡು ದಿನ ಆಯ್ತು, ಇವತ್ತು ಮತ್ತೆ ಆಫ್. ಕೈ ಮುಗಿದಿದ್ದನ್ನ ವಾಪಸ್ ತಗೊಳ್ತಿದೀನಿ.

ಸುಮ್ನೆಬಂದೆ:
ಪಾಪ 😅

ತಿರುಪುಮೊಳೆ:
ನಂಗೆ ಆಶ್ಚರ್ಯ ಆಗ್ಲಿಲ್ಲ. ಕ್ಲೀನ್ ಮಾಡಿದ್ದು ವ್ಯರ್ಥ ಅಂದ್ಕೋಬೇಡಿ, ಬಿಸಿ ಅನ್ನೋ ಗದ್ದಲ ಹೋಯ್ತಲ್ಲ, ಈಗ ಉಳಿದಿದ್ದು ಸ್ಪಷ್ಟವಾಗಿ ಕೇಳ್ಸುತ್ತೆ. ಅದೇ ಎಚ್‌ಡಬ್ಲ್ಯುಇನ್ಫೋದಲ್ಲಿ ಲಾಗಿಂಗ್ ಇದೆ, ಎಲ್ಲಾ ಸೆನ್ಸರ್ ಓದಿದ್ದನ್ನ ಫೈಲ್‌ಗೆ ಬರೀತಾ ಹೋಗುತ್ತೆ. ಮಾಮೂಲಿಯಾಗಿ 2 ಸೆಕೆಂಡ್‌ಗೆ ಒಂದ್ಸಲ ಓದುತ್ತೆ, ಅದನ್ನ ಅರ್ಧ ಸೆಕೆಂಡ್‌ಗೆ ಇಳಿಸಿ. ಆಫ್ ಆದ್ಮೇಲೆ ಫೈಲ್ ತೆರೆದು ಕೊನೇ ಐದಾರು ಸಾಲು ನೋಡಿ. ಟೆಂಪರೇಚರ್ ಒಂದೇ ಅಲ್ಲ, ಸಿಪಿಯು ಪ್ಯಾಕೇಜ್ ಪವರ್ ಅನ್ನೋ ಕಾಲಂ, ಎಷ್ಟು ವ್ಯಾಟ್ ಅಂತ. ಕಡೇ ಸಾಲು ಅರ್ಧಂಬರ್ಧ ಇರಬಹುದು, ಡಿಸ್ಕ್‌ಗೆ ಬರೆಯೋಕೆ ಮುಂಚೆ ಕರೆಂಟ್ ಹೋಗಿರುತ್ತಲ್ಲ.

ನಿದ್ದೆಗೇಡಿ:
ಮೂರು ಸಲ ಸಿಕ್ತು. ಮೊದಲ್ನೇದು, ಕೊನೇ ಸಾಲಲ್ಲಿ 61 ಡಿಗ್ರಿ, ಹಿಂದಿನ ಸಾಲುಗಳಲ್ಲಿ 7, 8, 7 ವ್ಯಾಟ್ ಇದ್ದಿದ್ದು ಕೊನೇ ಸಾಲಲ್ಲಿ 38. ಎರಡನೇದು 55 ಡಿಗ್ರಿ, 9ರಿಂದ 35ಕ್ಕೆ. ಮೂರನೇದ್ರಲ್ಲಿ ಏರಿಕೆ ಕಾಣ್ತಿಲ್ಲ, 8 ವ್ಯಾಟ್‌ನಲ್ಲೇ ಫೈಲ್ ನಿಂತಿದೆ. ಆದ್ರೆ ಮೂರೂ ಸಲ ನಾನು ಆಗಷ್ಟೇ ಏನೋ ಒಂದನ್ನ ತೆರೆದಿದ್ದೆ.

ತಿರುಪುಮೊಳೆ:
ಇದೇ ಬೇಕಾಗಿದ್ದಿದ್ದು. ಬಿಸಿ ಇದ್ದಾಗ ಸಾಯ್ತಿಲ್ಲ ಅದು, ಹಾರಿದಾಗ ಸಾಯ್ತಿದೆ. ಪ್ರಾಸೆಸರ್ ಟರ್ಬೋಗೆ, ಅಂದ್ರೆ ಮಾಮೂಲಿಗಿಂತ ಜಾಸ್ತಿ ವೇಗಕ್ಕೆ, ನೆಗೆದು ಒಂದೇ ಏಟಿಗೆ ನಾಲ್ಕೈದು ಪಟ್ಟು ಕರೆಂಟ್ ಕೇಳುತ್ತೆ, ಕೊಡೋರ ಕೈಲಿ ಆಗ್ತಿಲ್ಲ. ಇದನ್ನ ಖಚಿತ ಮಾಡ್ಕೊಳ್ಳೋಕೆ ಒಂದು ಹಳೇ ಉಪಾಯ ಇದೆ. ಪವರ್ ಆಪ್ಷನ್ಸ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್, ಪ್ರಾಸೆಸರ್ ಪವರ್ ಮ್ಯಾನೇಜ್‌ಮೆಂಟ್, ಅಲ್ಲಿ ಮ್ಯಾಕ್ಸಿಮಮ್ ಪ್ರಾಸೆಸರ್ ಸ್ಟೇಟ್ 100 ಇರುತ್ತೆ, ಎರಡೂ ಕಡೆ, ಬ್ಯಾಟರಿಗೂ ಚಾರ್ಜರ್‌ಗೂ, 99 ಮಾಡಿ. ಒಂದೇ ಒಂದು ಪರ್ಸೆಂಟ್ ಅಲ್ವಾ ಅನ್ಸುತ್ತೆ, ಆದ್ರೆ 99 ಮಾಡಿದ್ರೆ ಬಹಳಷ್ಟು ಮಷಿನ್‌ಗಳಲ್ಲಿ ಟರ್ಬೋ ಪೂರ್ತಿ ಬಂದ್ ಆಗುತ್ತೆ. ನಾಲ್ಕು ದಿನ ಹಾಗೇ ನಡೆಸಿ. ಇದು ಮದ್ದಲ್ಲ, ನಾಡಿ ಹಿಡಿದು ನೋಡೋದು ಅಷ್ಟೇ.

ನಿದ್ದೆಗೇಡಿ:
ಐದನೇ ದಿನ. ಸ್ವಲ್ಪ ನಿಧಾನ ಆಗಿದೆ, ಆದ್ರೆ ಒಂದೇ ಒಂದು ಸಲಾನೂ ಆಫ್ ಆಗಿಲ್ಲ. ಹೀಗೇ ಬಿಟ್ಬಿಡ್ಲಾ?

ತಿರುಪುಮೊಳೆ:
ಬಿಡ್ಬೇಡಿ, ಕಾರಣ ಒಳಗೇ ಇದೆ. ಎರಡು ಮಾಹಿತಿ ಕೊಡಿ. ಒಂದು, ಕಮ್ಯಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ ಅಂತ ಬರ್ದು ಒಂದು ಜಾಗ ಬಿಟ್ಟು ಸ್ಲ್ಯಾಶ್ ಬ್ಯಾಟರಿರಿಪೋರ್ಟ್ ಅಂತ ಕೊಡಿ, ಒಂದು ಫೈಲ್ ಮಾಡುತ್ತೆ, ಅದರಲ್ಲಿ ಡಿಸೈನ್ ಕೆಪಾಸಿಟಿ ಎಷ್ಟು, ಫುಲ್ ಚಾರ್ಜ್ ಕೆಪಾಸಿಟಿ ಎಷ್ಟು ನೋಡಿ. ಎರಡು, ನಿಮ್ಮ ಚಾರ್ಜರ್ ಇಟ್ಟಿಗೆಯ ಹಿಂದೆ ಔಟ್‌ಪುಟ್ ಅಂತ ಬರ್ದಿರೋ ವೋಲ್ಟು, ಆಂಪಿಯರ್ ಎಷ್ಟು? ಲ್ಯಾಪ್‌ಟಾಪ್ ಜೊತೆ ಬಂದಿದ್ದೇನಾ ಅದು?

ಒಂದೇಮಾತು:
ಚಾರ್ಜರ್ ಹಾಕಿದ್ದಾಗ ಲ್ಯಾಪ್‌ಟಾಪ್ ಬ್ಯಾಟರಿ ಮುಟ್ಟೋದೇ ಇಲ್ಲ. ಚಾರ್ಜರ್ ಮೇಲೇ ಓಡುತ್ತೆ. ಬ್ಯಾಟರಿ ನೋಡಿ ಏನ್ ಪ್ರಯೋಜನ.

ನಿದ್ದೆಗೇಡಿ:
ಡಿಸೈನ್ 42,000 ಮಿಲಿವ್ಯಾಟ್ ಅವರ್, ಫುಲ್ ಚಾರ್ಜ್ 16,900. ಚಾರ್ಜರ್ ಮೇಲೆ 19.5 ವೋಲ್ಟ್, 2.31 ಆಂಪಿಯರ್. ಆಮ್... ಜೊತೆ ಬಂದಿದ್ದಲ್ಲ ಸರ್. ಅದರ ವೈರ್ ಪಿನ್ ಹತ್ರ ಸೀಳಿ ಹೋಗಿತ್ತು, ಮನೇಲಿ ಇನ್ನೊಂದು ಚಿಕ್ಕ ಲ್ಯಾಪ್‌ಟಾಪ್ ಇತ್ತು, ಅದೇ ಕಂಪನೀದು, ಪಿನ್ ಕರೆಕ್ಟಾಗಿ ಕೂತ್ಕೊಳ್ತು, ವೋಲ್ಟೂ ಅದೇ, ಅದನ್ನೇ ಹಾಕ್ಕೊಂಡೆ. ಯಾವಾಗಿಂದ ಅಂತ ಈಗ ಲೆಕ್ಕ ಹಾಕಿದ್ರೆ ಒಂದು ತಿಂಗಳು ಆಗಿರಬಹುದು. ಹಳೇದರ ಮೇಲೆ 3.33 ಆಂಪಿಯರ್ ಅಂತಿದೆ.

ತಿರುಪುಮೊಳೆ:
ಒಂದು ತಿಂಗಳ ಹಿಂದೆ ಚಾರ್ಜರ್ ಬದಲಾಯ್ಸಿದ್ದನ್ನ ಮೊದಲ್ನೇ ದಿನ ಹೇಳ್ಬೇಕಿತ್ತು ಮಹರಾಯಾ. ಇರ್ಲಿ, ಎಲ್ರೂ ಹಾಗೇ, ನಾನೂ ಮೊದ್ಲೇ ಕೇಳ್ಬೇಕಿತ್ತು.

ಲೆಕ್ಕ ನೋಡಿ. 19.5 ಗುಣಿಸು 3.33, ಹತ್ತತ್ರ 65 ವ್ಯಾಟ್, ನಿಮ್ಮ ಮಷಿನ್ ಕೇಳೋದು ಅದು. 19.5 ಗುಣಿಸು 2.31, 45 ವ್ಯಾಟ್, ನೀವು ಕೊಡ್ತಿರೋದು ಅದು. ವೋಲ್ಟ್ ಒಂದೇ ಇರೋದ್ರಿಂದ ಸುಡಲ್ಲ, ಆದ್ರೆ ತಾಕತ್ತು ಸಾಲಲ್ಲ. ಪ್ರಾಸೆಸರ್ 38 ಕೇಳ್ತು, ಅದರ ಮೇಲೆ ಸ್ಕ್ರೀನು, ವೈಫೈ, ಕ್ಯಾಮೆರಾ, ಎಸ್‌ಎಸ್‌ಡಿ, ಜೊತೆಗೆ ಬ್ಯಾಟರಿ ಚಾರ್ಜ್ ಆಗ್ತಿದ್ರೆ ಅದೂ ಒಂದು ಬಾಯಿ. ಲಾಗ್‌ನಲ್ಲಿ ಕಂಡಿದ್ದು ಅರ್ಧ ಸೆಕೆಂಡಿನ ಸರಾಸರಿ, ನಿಜವಾದ ತುದಿ ಮಿಲಿಸೆಕೆಂಡ್‌ಗಳಲ್ಲಿ ಇನ್ನೂ ಮೇಲೆ ಹೋಗಿರುತ್ತೆ, ಅದಕ್ಕೇ ನಿಮ್ಮ ಮೂರನೇ ಫೈಲ್‌ನಲ್ಲಿ ಕಾಣ್ಸೇ ಇಲ್ಲ.

ಈಗ ಒಂದೇಮಾತು ಅವರ ಮಾತಿಗೆ ಬರ್ತೀನಿ, ಯಾಕಂದ್ರೆ ಇದನ್ನ ತುಂಬಾ ಜನ ನಂಬಿದಾರೆ, ಇವರೂ ಅದನ್ನ ನಂಬಿಯೇ ಮೊದಲ್ನೇ ದಿನ ಬ್ಯಾಟರೀನ ಬಿಟ್ಟುಬಿಟ್ರು. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಹಾಕಿದ್ದಾಗ್ಲೂ ಬ್ಯಾಟರಿ ಸುಮ್ನೆ ಕೂತಿರಲ್ಲ. ಅಡಾಪ್ಟರ್‌ನಿಂದ ಆಗದಷ್ಟು ಬೇಡಿಕೆ ಒಂದು ಕ್ಷಣಕ್ಕೆ ಬಂದ್ರೆ ಚಾರ್ಜಿಂಗ್ ಚಿಪ್ ದಿಕ್ಕು ಬದಲಾಯ್ಸಿ ಬ್ಯಾಟರಿಯಿಂದಾನೂ ಸ್ವಲ್ಪ ಎಳ್ಕೊಳ್ಳುತ್ತೆ. ಹಾಗೆ ಮಾಡಿರೋದ್ರಿಂದಾನೇ ಅಷ್ಟು ಚಿಕ್ಕ ಅಡಾಪ್ಟರ್ ಕೊಟ್ಟು ಅಷ್ಟು ದೊಡ್ಡ ಟರ್ಬೋ ಕೊಡೋಕೆ ಸಾಧ್ಯ. ಬ್ಯಾಟರಿ ಆರೋಗ್ಯವಾಗಿದ್ರೆ ನಿಮಗೆ ಗೊತ್ತೇ ಆಗಲ್ಲ. ಆದ್ರೆ ಲಿಥಿಯಂ ಬ್ಯಾಟರಿ ಮುದಿ ಆದ ಹಾಗೆ ಎರಡು ಆಗುತ್ತೆ, ಹಿಡಿಯೋ ಪ್ರಮಾಣ ಕಮ್ಮಿ ಆಗುತ್ತೆ, ಇದು ರಿಪೋರ್ಟ್‌ನಲ್ಲಿ ಕಾಣುತ್ತೆ. ಇನ್ನೊಂದು, ಒಳಗಿನ ರೆಸಿಸ್ಟೆನ್ಸ್ ಏರುತ್ತೆ, ಇದು ರಿಪೋರ್ಟ್‌ನಲ್ಲಿ ಕಾಣಲ್ಲ, ಆದ್ರೆ ಸಾಯಿಸೋದು ಇದೇ. ರೆಸಿಸ್ಟೆನ್ಸ್ ಜಾಸ್ತಿ ಇರೋ ಬ್ಯಾಟರಿಯಿಂದ ಒಂದೇ ಸಲ ಜೋರಾಗಿ ಎಳೆದ್ರೆ ಅದರ ವೋಲ್ಟೇಜ್ ಧಡ್ ಅಂತ ಕುಸಿಯುತ್ತೆ. ಒಂದು ಸೆಲ್ ತುಂಬಿದ್ದಾಗ 4.2 ವೋಲ್ಟ್, ಸುಮಾರು 3ರ ಹತ್ರ ಬಂದ್ರೆ ಒಳಗಿನ ರಕ್ಷಣಾ ಸರ್ಕ್ಯೂಟ್ ಕಟ್ ಮಾಡ್ಬಿಡುತ್ತೆ. ಸ್ಕ್ರೀನ್ ಮೇಲೆ 40 ಪರ್ಸೆಂಟ್ ಅಂತ ತೋರಿಸ್ತಿದ್ರೂ ಆ ಕ್ಷಣಕ್ಕೆ ಕುಸಿದ್ರೆ ಮುಗೀತು. ಕೆಲವರದ್ದು 30, 40 ಪರ್ಸೆಂಟ್‌ಗೇ ಆಫ್ ಆಗುತ್ತಲ್ಲ, ಅದರ ಗುಟ್ಟೂ ಸಾಮಾನ್ಯವಾಗಿ ಇದೇ.

ಅಂದ್ರೆ ನಿಮ್ಮ ಮನೇಲಿ ಸೊರಗಿದ ಎತ್ತು ಒಂದು, ಕರು ಒಂದು, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದೀರಾ. 65 ವ್ಯಾಟ್ ಇದ್ದಾಗ ಮುದಿ ಬ್ಯಾಟರಿ ಮೇಲೆ ಭಾರ ಬೀಳ್ತಿರ್ಲಿಲ್ಲ, ಅದಕ್ಕೇ ಗೊತ್ತಾಗ್ಲಿಲ್ಲ.

ಒಂದೇಮಾತು:
ಹೇಳೋಕೇನು, ಚೆನ್ನಾಗಿ ಕತೆ ಕಟ್ಟಬಹುದು. ಪ್ರೂಫ್?

ಪೆಂಗ್ವಿನ್‌ಪ್ರಿಯ:
ಪ್ರೂಫ್ ಸುಲಭ. ನಿದ್ದೆಗೇಡಿ, ಅದೇ ಎಚ್‌ಡಬ್ಲ್ಯುಇನ್ಫೋದಲ್ಲಿ ಕೆಳಗೆ ಬ್ಯಾಟರಿ ವಿಭಾಗ ಇದೆ, ಚಾರ್ಜ್ ರೇಟ್ ಅಂತ. ಚಾರ್ಜರ್ ಹಾಕಿಟ್ಟು, ಭಾರದ ಕೆಲಸ ಕೊಟ್ಟು ಅದು ಮೈನಸ್‌ಗೆ ಹೋಗುತ್ತಾ ನೋಡಿ. ಟರ್ಬೋ ಬಿಟ್ರೆ ಆಫ್ ಆಗಿಬಿಡುತ್ತೆ, ಹಾಗಾಗಿ 99ರಲ್ಲೇ ಇಟ್ಟು ಸ್ಕ್ರೀನ್ ಬ್ರೈಟ್‌ನೆಸ್ ಪೂರ್ತಿ ಏರಿಸಿ, ಗ್ರಾಫಿಕ್ಸ್‌ಗೂ ಕೆಲಸ ಕೊಡಿ, ಯುಎಸ್‌ಬಿಗೆ ಫೋನ್ ಚಾರ್ಜ್‌ಗೆ ಹಾಕಿ.

ನಿದ್ದೆಗೇಡಿ:
ಚಾರ್ಜರ್ ಲೈಟ್ ಉರೀತಿದೆ, ಮೂಲೇಲಿ ಪ್ಲಗ್ ಗುರುತೂ ಇದೆ, ಚಾರ್ಜ್ ರೇಟ್ ಮಾತ್ರ ಮೈನಸ್ 6 ವ್ಯಾಟ್. ಒಂದು ಸಲ ಮೈನಸ್ 11 ಕೂಡ ತೋರಿಸ್ತು. ಚಾರ್ಜರ್ ಹಾಕಿದ್ರೂ ಬ್ಯಾಟರಿ ಖಾಲಿ ಆಗ್ತಿದೆ!

ಸುಮ್ನೆಬಂದೆ:
ಒಂದೇಮಾತು ಅವರು ಈಗ ಒಂದೂ ಮಾತಾಡ್ತಿಲ್ಲ.

ಮಂಜಿನಹನಿ:
ನಂದು ಟೈಪ್ ಸಿ ಚಾರ್ಜರ್, ಅದಕ್ಕೂ ಇದೇ ಲೆಕ್ಕಾನಾ?

ಪೆಂಗ್ವಿನ್‌ಪ್ರಿಯ:
ಇನ್ನೂ ಒಂದು ಕೈ ಜಾಸ್ತಿ, ಯಾಕಂದ್ರೆ ಅಲ್ಲಿ ಕೇಬಲ್ಲೂ ಲೆಕ್ಕಕ್ಕೆ ಬರುತ್ತೆ. 20 ವೋಲ್ಟ್‌ನಲ್ಲಿ ಮಾಮೂಲಿ ಕೇಬಲ್ 3 ಆಂಪಿಯರ್‌ವರೆಗೆ, ಅಂದ್ರೆ 60 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಂದ್ರೆ ಒಳಗೆ ಗುರುತಿನ ಚಿಪ್ ಇರೋ ಕೇಬಲ್ ಬೇಕು, ಇಲ್ಲಾಂದ್ರೆ 100 ವ್ಯಾಟ್ ಚಾರ್ಜರ್ ಹಾಕಿದ್ರೂ 60ರ ಮೇಲೆ ಕೊಡಲ್ಲ. ಫೋನ್ ಚಾರ್ಜರ್ ಸಿಕ್ಕಿಸಿ 'ಚಾರ್ಜ್ ಆಗ್ತಿದೆ' ಅಂತ ಖುಷಿ ಪಡ್ಬೇಡಿ.

ತಿರುಪುಮೊಳೆ:
ನಿದ್ದೆಗೇಡಿ, ಒಂದು ಅರ್ಜೆಂಟ್ ಪ್ರಶ್ನೆ, ಮೊನ್ನೆ ಬಿಚ್ಚಿದಾಗ ಬ್ಯಾಟರಿ ಚಪ್ಪಟೆಯಾಗಿತ್ತಾ? ಟಚ್‌ಪ್ಯಾಡ್ ಕ್ಲಿಕ್ ಗಟ್ಟಿ ಆಗಿದ್ಯಾ?

ನಿದ್ದೆಗೇಡಿ:
ಕ್ಲಿಕ್ ಗಟ್ಟಿ ಆಗಿ ಒಂದು ತಿಂಗಳ ಮೇಲಾಯ್ತು, ಕೊಳೆ ಕೂತಿರುತ್ತೆ ಅಂದ್ಕೊಂಡಿದ್ದೆ. ಬ್ಯಾಟರಿ ಸರಿಯಾಗಿ ನೋಡ್ಲಿಲ್ಲ ಸರ್, ಕನೆಕ್ಟರ್ ತೆಗೆದು ಫ್ಯಾನ್ ಕಡೆ ಹೋದೆ. ತಳದ ಮುಚ್ಚಳ ವಾಪಸ್ ಹಾಕೋವಾಗ ಸ್ವಲ್ಪ ಒತ್ತಿ ಕೂರಿಸ್ಬೇಕಾಯ್ತು.

ತಿರುಪುಮೊಳೆ:
ಒತ್ತಿ ಕೂರಿಸ್ಬೇಕಾಯ್ತು ಅಂದ್ರೆ ಊದಿದೆ. ಈಗ್ಲೇ ಆಫ್ ಮಾಡಿ, ಚಾರ್ಜರ್ ತೆಗೀರಿ, ಇವತ್ತೇ ಬ್ಯಾಟರಿ ಹೊರಗೆ ಬರ್ಬೇಕು. ಒಳಗೆ ಗ್ಯಾಸ್ ತುಂಬಿ ಊದಿರೋದು ಅದು. ಚುಚ್ಚಬೇಡಿ, ಮಡಚಬೇಡಿ, ಒತ್ತಿ ಚಪ್ಪಟೆ ಮಾಡೋ ಸಾಹಸ ಬೇಡ. ಅಂಟು ಹಾಕಿ ಕೂರಿಸಿದ್ರೆ ಲೋಹದ ಚಾಕು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಧೈರ್ಯ ಬರ್ಲಿಲ್ಲ ಅಂದ್ರೆ ಬಿಚ್ಚೋಕೆ ಗೊತ್ತಿರೋರ ಕೈಗೆ ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ. ತೆಗೆದದ್ದನ್ನ ಬೆಂಕಿ ಹಿಡಿಯೋ ವಸ್ತುಗಳಿಂದ ದೂರ ಇಟ್ಟು ಬ್ಯಾಟರಿ ವಿಲೇವಾರಿ ಮಾಡೋ ಕಡೆಗೇ ಕೊಡಿ, ಕಸದ ಬುಟ್ಟಿಗೆ ಹಾಕ್ಬೇಡಿ.

ನಿದ್ದೆಗೇಡಿ:
ತೆಗೆದೆ. ನಾಲ್ಕು ಸ್ಕ್ರೂ ಮಾತ್ರ ಇತ್ತು, ಅಂಟು ಇರ್ಲಿಲ್ಲ ಪುಣ್ಯಕ್ಕೆ. ಮೂರು ಸೆಲ್‌ನಲ್ಲಿ ಮಧ್ಯದ್ದು ದಿಂಬಿನ ಥರ. ಇಷ್ಟು ದಿನ ಅದರ ಮೇಲೆ ಅಂಗೈ ಇಟ್ಕೊಂಡು ಟೈಪ್ ಮಾಡಿದೀನಿ ಅಂತ ನೆನೆಸ್ಕೊಂಡ್ರೆ ಬೆನ್ನಲ್ಲಿ ಚಳಿ.

65 ವ್ಯಾಟ್ ಚಾರ್ಜರ್ ಬಂತು, ಬ್ಯಾಟರಿ ಇನ್ನೂ ಬಂದಿಲ್ಲ. ಬ್ಯಾಟರಿ ಇಲ್ದೇ ಬರೀ ಚಾರ್ಜರ್ ಮೇಲೆ ಓಡಿಸ್ತಿದೀನಿ, 99ನ್ನ ವಾಪಸ್ 100 ಮಾಡ್ದೆ, ಆದ್ರೂ ಸ್ಲೋ. ಆಫ್ ಆಗ್ತಿಲ್ಲ ಮಾತ್ರ. ಇದ್ಯಾಕೆ?

ತಿರುಪುಮೊಳೆ:
ಸರಿಯಾಗೇ ಇದೆ. ಹೆಗಲು ಕೊಡೋ ಬ್ಯಾಟರಿ ಇಲ್ಲ ಅಂತ ಗೊತ್ತಾದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳು ತಾವೇ ವೇಗ ಕಟ್ಟಿಹಾಕ್ಕೊಳ್ತವೆ, ಟರ್ಬೋಗೆ ಹೋಗೋದೇ ಇಲ್ಲ. ಹಳೇ ಬ್ಯಾಟರಿ 'ನಾನಿದೀನಿ' ಅಂತ ಸುಳ್ಳು ಹೇಳ್ತಿತ್ತು, ಅದನ್ನ ನಂಬಿ ಪ್ರಾಸೆಸರ್ ನೆಗೀತಿತ್ತು. ಪಿನ್ ಎಳೆದ್ರೆ ತಕ್ಷಣ ಆಫ್ ಆಗುತ್ತೆ ಈಗ, ಸೇವ್ ಮಾಡ್ತಾ ಇರಿ. ಹೊಸಾ ಬ್ಯಾಟರಿ ತಗೊಳ್ಳೋವಾಗ ಲ್ಯಾಪ್‌ಟಾಪ್ ಮಾಡೆಲ್ ನಂಬರ್ ನೋಡಿ ತಗೋಬೇಡಿ, ಹಳೇ ಬ್ಯಾಟರಿ ಮೇಲೇ ಬರ್ದಿರೋ ಪಾರ್ಟ್ ನಂಬರ್, ವೋಲ್ಟು, ಸ್ಕ್ರೂ ತೂತಿನ ಜಾಗ ಮೂರೂ ಹೊಂದಬೇಕು. ಒಂದೇ ಮಾಡೆಲ್‌ಗೆ ಎರಡು ಮೂರು ಥರ ಬ್ಯಾಟರಿ ಬಂದಿರುತ್ತೆ.

ನಿದ್ದೆಗೇಡಿ:
ಎರಡು ವಾರ ಆಯ್ತು. ಹೊಸಾ ಬ್ಯಾಟರಿ ಕೂತಿದೆ, ರಿಪೋರ್ಟ್‌ನಲ್ಲಿ ಫುಲ್ ಚಾರ್ಜ್ 41,300. ಲಿನಕ್ಸ್‌ನಲ್ಲಿ ಅದೇ ಸ್ಟ್ರೆಸ್ ಎನ್‌ಜಿ ಅರ್ಧ ಗಂಟೆ ಬಿಟ್ಟೆ, ಚಾರ್ಜರ್ ಹಾಕಿ ಒಂದ್ಸಲ, ತೆಗೆದು ಒಂದ್ಸಲ. ನಡುವೆ ಒಂದು ಸಲ ಸ್ಕ್ರೀನ್ ಕಪ್ಪಾಯ್ತು, ಎದೆ ಝಲ್ ಅಂತು, ನೋಡಿದ್ರೆ ಲೈವ್ ಮೋಡ್‌ನಲ್ಲಿ ಸ್ಕ್ರೀನ್ ತಾನೇ ಆಫ್ ಆಗೋ ಟೈಮ್ 5 ನಿಮಿಷ ಇತ್ತು. ಮೌಸ್ ಅಲುಗಾಡ್ಸಿದೆ, ಬಂತು. ಇವೆಂಟ್ ವ್ಯೂವರ್‌ನಲ್ಲಿ ಎರಡು ವಾರದಿಂದ 41 ಇಲ್ಲ.

ಅರ್ಧರಾತ್ರಿ:
ಆ 45 ವ್ಯಾಟ್ ಚಾರ್ಜರ್ ಏನ್ ಮಾಡಿದ್ರಿ?

ನಿದ್ದೆಗೇಡಿ:
ಚಿಕ್ಕ ಲ್ಯಾಪ್‌ಟಾಪ್‌ಗೇ ವಾಪಸ್ ಕೊಟ್ಟೆ. ಅಲ್ಲಿ ಆರಾಮಾಗಿ ಕೆಲಸ ಮಾಡ್ತಿದೆ. ಎರಡೂ ಚಾರ್ಜರ್ ಮೇಲೆ ದೊಡ್ಡ ಅಕ್ಷರದಲ್ಲಿ 65, 45 ಅಂತ ಬರ್ದು ಅಂಟಿಸಿದೀನಿ, ಮನೇಲಿ ನಗ್ತಿದಾರೆ.